ಪಾಯಿಂಟ್ ಲೀಸಾಸ್‌ನಲ್ಲಿ ಒಂದು ಅಂಗೈ ಉಪ್ಪು

ಬ್ರೆಜಿಲ್‌ನ ಸಾಂಟೋಸ್‌ನಲ್ಲಿ ಪೆಟ್ರೋಲ್ ಇಳಿಸಿ ಮುಗಿಸಿದ ರಾತ್ರಿ ಮೇಲ್ ಬಂತು. ಮುಂದಿನ ಬಂದರು ಟ್ರಿನಿಡಾಡ್‌ನ ಪಾಯಿಂಟ್ ಲೀಸಾಸ್. ಸರಕು ಮೆಥನಾಲ್, 30,000 ಟನ್. ಚೀಫ್ ಆಫೀಸರ್ ಅದನ್ನು ಎರಡು ಸಲ ಓದಿದರು. ಚಹಾದ ಲೋಟ ಕೆಳಗಿಟ್ಟು, "ಹೋಯ್ತು, ಇನ್ನು ಹತ್ತು ದಿನ ಯಾರಿಗೂ ನಿದ್ದೆ ಇಲ್ಲ" ಅಂದರು.

2018ರ ಆಗಸ್ಟ್ ಅದು. ನಾನು ಥರ್ಡ್ ಆಫೀಸರ್. ಅದಕ್ಕೂ ಮುಂಚೆ ಕಲ್ಲಿದ್ದಲು, ಗೋಧಿ ಸಾಗಿಸುವ ಹಡಗುಗಳಲ್ಲಿ ಇದ್ದವನು. ಅಲ್ಲಿ ಹೋಲ್ಡ್ ಗುಡಿಸಿ ನೀರು ಹೊಡೆದರೆ ಮುಗೀತು. ಟ್ಯಾಂಕರ್ ಹತ್ತಿದ್ದು ಇದೇ ಮೊದಲು. ಮೆಥನಾಲ್ ನೋಡೋಕೆ ನೀರಿನ ಥರ ಇರುತ್ತೆ, ಅದಕ್ಕೆ ಇಷ್ಟು ಗಾಬರಿ ಯಾಕೆ ಅಂತ ಬಾಯಿಬಿಟ್ಟು ಕೇಳಿಯೂ ಬಿಟ್ಟೆ. ಚೀಫ್ ಆಫೀಸರ್ ಉತ್ತರ ಕೊಡಲಿಲ್ಲ. ಸರಕಿನ ನಿಯಮದ ಹಾಳೆ ಕೈಗಿಟ್ಟರು.

ಶುದ್ಧತೆ ಕನಿಷ್ಠ 99.85 ಶೇಕಡಾ. ನೀರಿನ ಅಂಶ 0.1 ಶೇಕಡಾ ಮೀರಬಾರದು. ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಕಿಲೋಗೆ ಅರ್ಧ ಮಿಲಿಗ್ರಾಂ. ಹತ್ತು ಲಕ್ಷ ಪಾಲಿನಲ್ಲಿ ಅರ್ಧ ಪಾಲು! ಮೆಥನಾಲ್ ಹೋಗುವುದು ಅಸಿಟಿಕ್ ಆಸಿಡ್, ಪ್ಲೈವುಡ್ ಅಂಟಿಗೆ ಬೇಕಾಗುವ ಫಾರ್ಮಾಲ್ಡಿಹೈಡ್ ಇಂಥವನ್ನು ಮಾಡುವ ಕಾರ್ಖಾನೆಗಳಿಗೆ. ಉಪ್ಪು ಜಾಸ್ತಿಯಾದರೆ ಅಲ್ಲಿ ರಾಸಾಯನಿಕ ಕ್ರಿಯೆ ಚುರುಕು ಮಾಡುವ ಕ್ಯಾಟಲಿಸ್ಟ್ ಕೆಡುತ್ತದೆ, ಸ್ಟೀಲ್ ಪೈಪು ಬಿರುಕು ಬಿಡುತ್ತದೆ. ಆಮೇಲೆ ಕುಳಿತು ಲೆಕ್ಕ ಹಾಕಿ ನೋಡಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇರುತ್ತದೆ. ಹಾಗಾದರೆ ಒಂದು ಟೀ ಚಮಚ ಸಮುದ್ರದ ನೀರು 200 ಲೀಟರಿನ ಒಂದು ಡ್ರಮ್ ಮೆಥನಾಲ್ ಕೆಡಿಸಲು ಸಾಕು. ನಾವಿರುವುದೋ ಸಮುದ್ರದ ನಡುವೆ. ಟ್ಯಾಂಕ್ ತೊಳೆಯುವುದೂ ಮೊದಲು ಸಮುದ್ರದ ನೀರಿನಲ್ಲೇ.

ಮೊದಲು ಬಿಸಿ ಉಪ್ಪುನೀರು. ಟ್ಯಾಂಕಿನ ಒಳಗೆ ಸುತ್ತುವ ಯಂತ್ರಗಳು ಗೋಡೆ, ಚಾವಣಿ, ಮೂಲೆ ಎಲ್ಲಕ್ಕೂ ಜೋರಾಗಿ ನೀರು ಹೊಡೆಯುತ್ತವೆ. ಆಮೇಲೆ ಸಿಹಿನೀರು, ಅದೂ ಹಡಗಿನಲ್ಲೇ ಬಟ್ಟಿ ಇಳಿಸಿದ್ದು. ಆಮೇಲೆ ಹಬೆ, ಗಾಳಿ. ಕಡೆಗೆ ಮನುಷ್ಯರು ಇಳಿದು ತಳದಲ್ಲಿ ಉಳಿದ ನೀರನ್ನು ಬಟ್ಟೆಯಲ್ಲಿ ಒರೆಸಬೇಕು. ನಮ್ಮ ಟ್ಯಾಂಕುಗಳಿಗೆ ಒಳಗೆ ಝಿಂಕ್ ಸಿಲಿಕೇಟ್ ಬಳಿದಿತ್ತು. ಮೆಥನಾಲ್‌ಗೆ ಒಳ್ಳೆಯದೇ, ಆದರೆ ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಮೀನು ಸಾರು ಮಾಡುವ ಮಣ್ಣಿನ ಮಡಿಕೆ ಇದೆಯಲ್ಲ, ಎಷ್ಟು ತೊಳೆದರೂ ಮಾರನೆ ದಿನ ವಾಸನೆ ಬರುತ್ತದೆ. ಇದೂ ಹಾಗೆ. ಹಿಂದಿನ ಸರಕನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪನ್ನೂ. ಹತ್ತು ಟ್ಯಾಂಕುಗಳನ್ನು ಹೀಗೆ ತೊಳೆದು ಒಣಗಿಸುವಷ್ಟರಲ್ಲಿ ಅಮೆಜಾನ್ ನದಿಯ ಮುಖ ದಾಟಿ ಉತ್ತರಕ್ಕೆ ಬಂದಿದ್ದೆವು.

ಟ್ರಿನಿಡಾಡ್‌ಗೂ ವೆನೆಜುವೆಲಾಕ್ಕೂ ನಡುವೆ ಪಾರಿಯಾ ಕೊಲ್ಲಿ ಇದೆ. ಅದಕ್ಕೆ ಎರಡೇ ಬಾಗಿಲು. ದಕ್ಷಿಣದ್ದು ಸರ್ಪದ ಬಾಯಿ, ಉತ್ತರದ್ದು ಡ್ರ್ಯಾಗನ್ನಿನ ಬಾಯಿ. 1498ರಲ್ಲಿ ಕೊಲಂಬಸ್ ಸರ್ಪದ ಬಾಯಲ್ಲಿ ಒಳಗೆ ಬಂದು ಡ್ರ್ಯಾಗನ್ ಬಾಯಲ್ಲಿ ಹೊರಗೆ ಹೋದ. ನಾವು ಉತ್ತರದಿಂದ ಬಂದೆವು. ಬಲಗಡೆ ವೆನೆಜುವೆಲಾದ ಬೆಟ್ಟ, ಎಡಗಡೆ ಚಕಚಕಾರೆ ಎಂಬ ದ್ವೀಪ. ಒಂದು ಕಾಲದಲ್ಲಿ ಕುಷ್ಠ ರೋಗಿಗಳನ್ನು ಇಡುತ್ತಿದ್ದ ದ್ವೀಪವಂತೆ, ಈಗ ದೀಪಸ್ತಂಭ ಬಿಟ್ಟರೆ ಬರೀ ಕಾಡು. ಒಳಗೆ ಬರುತ್ತಿದ್ದಂತೆ ನೀಲಿ ನೀರು ಹೋಗಿ ಚಹಾದ ಬಣ್ಣ ಶುರುವಾಯಿತು. ಮಳೆಗಾಲದಲ್ಲಿ ಒರಿನೋಕೊ ನದಿ ಕೆಸರು ತಂದು ಈ ಕೊಲ್ಲಿಗೆ ಸುರಿಯುತ್ತದೆ. ನಮ್ಮ ಅಘನಾಶಿನಿ ಆಷಾಢದಲ್ಲಿ ಹೇಗಿರುತ್ತದೋ ಹಾಗೇ. ಹಡಗು ನಡೆಸುವ ಕೋಣೆ ಬ್ರಿಜ್‌ನಲ್ಲಿ ನಿಂತು ಅದನ್ನು ನೋಡುತ್ತಾ ಒಂದು ಕ್ಷಣ ಊರಿಗೆ ಹೋಗಿ ಬಂದೆ.

ಪಾಯಿಂಟ್ ಲೀಸಾಸ್ ಇರುವುದು ದ್ವೀಪದ ಪಶ್ಚಿಮ ದಂಡೆಯಲ್ಲಿ, ಕೂವಾ ಊರಿನ ಪಕ್ಕ. ಕೆರಿಬಿಯನ್ ಅಂದರೆ ತೆಂಗು, ಬಿಳಿ ಮರಳು, ಕ್ರೂಸ್ ಹಡಗು ಅಂದುಕೊಂಡವರಿಗೆ ಇಲ್ಲಿ ನಿರಾಸೆ ಗ್ಯಾರಂಟಿ. ದೂರದಿಂದ ಕಾಣುವುದು ಚಿಮಣಿ, ಬೆಳ್ಳಿ ಬಣ್ಣದ ಗೋಪುರ, ದೊಡ್ಡ ದೊಡ್ಡ ಬಿಳಿ ಟ್ಯಾಂಕು, ಹಗಲಲ್ಲೂ ಉರಿಯುವ ಜ್ವಾಲೆ. 860 ಹೆಕ್ಟೇರಿನ ಕೈಗಾರಿಕಾ ಪ್ರದೇಶ. ಮೊದಲು ಇದೆಲ್ಲ ಕಬ್ಬಿನ ಸೀಮೆ. ದ್ವೀಪದ ಪೂರ್ವದ ಸಮುದ್ರದಡಿ ಸಿಗುವ ಗ್ಯಾಸನ್ನು ಪೈಪಿನಲ್ಲಿ ಇಲ್ಲಿಗೆ ತಂದು ಅಮೋನಿಯಾ, ಮೆಥನಾಲ್, ಯೂರಿಯಾ ಮಾಡುತ್ತಾರೆ. ಒಂದೇ ಒಂದು ಮೆಥನಾಲ್ ಘಟಕ ದಿನಕ್ಕೆ 5,000 ಟನ್ ಮಾಡಬಲ್ಲದು. ಒಳಗಡೆ ಕಂಟೇನರ್, ಉಕ್ಕು, ಬಿಡಿ ಸರಕಿಗೆ ಬೇರೆ ಬರ್ತ್‌ಗಳಿವೆ, ಅಂದರೆ ಹಡಗು ಕಟ್ಟುವ ಜಾಗಗಳು. ನಮ್ಮಂಥ ಟ್ಯಾಂಕರ್‌ಗಳಿಗೆ ಸವೊನೆಟಾ ಎಂಬ ಜೆಟ್ಟಿಗಳು. ನೀರಿನೊಳಗೆ ಉದ್ದಕ್ಕೆ ಚಾಚಿದ ಸೇತುವೆ, ಅದರ ಮೇಲೆ ಪೈಪುಗಳ ಸಾಲು, ತುದಿಯಲ್ಲಿ ಕೊಕ್ಕರೆ ಕತ್ತು ಬಗ್ಗಿಸಿದಂತೆ ನಿಂತ ಲೋಡಿಂಗ್ ಆರ್ಮ್‌ಗಳು.

ಆದರೆ ಜೆಟ್ಟಿಗೆ ಸುಮ್ಮನೆ ಹೋಗಿ ಕಟ್ಟಿಕೊಳ್ಳುವ ಹಾಗಿಲ್ಲ. ಮೊದಲು ಲಂಗರು ಹಾಕಿ ನಿಲ್ಲಬೇಕು. ಸರ್ವೇಯರ್ ಬಂದು ಟ್ಯಾಂಕ್ ನೋಡಿ ಪಾಸ್ ಮಾಡಿದರೆ ಮಾತ್ರ ಬರ್ತ್. ನಾವು 'ಸಿದ್ಧ' ಎಂದು ನೋಟಿಸ್ ಕೊಟ್ಟ ಹೊತ್ತಿನಿಂದ ಹಡಗನ್ನು ಬಾಡಿಗೆಗೆ ಹಿಡಿದವನ ಲೆಕ್ಕದಲ್ಲಿ ಗಡಿಯಾರ ಓಡಬೇಕು. ಟ್ಯಾಂಕ್ ಫೇಲ್ ಆದರೆ ಆ ನೋಟಿಸ್ ಕಸದಬುಟ್ಟಿಗೆ, ನಷ್ಟ ಹಡಗಿನ ಲೆಕ್ಕಕ್ಕೆ. ಹಾಗಾಗಿ ಸರ್ವೇಯರ್ ಬರುವ ಮುಂಚೆ ನಾವೇ ಒಂದು ಸಲ ಪರೀಕ್ಷೆ ಮಾಡಿಕೊಳ್ಳುತ್ತೇವೆ. ಇದಕ್ಕೆ ವಾಲ್ ವಾಶ್ ಅನ್ನುತ್ತಾರೆ. ಮಾಡುವುದನ್ನು ನನಗೆ ಕಲಿಸಿದವನು ಪಂಪ್‌ಮ್ಯಾನ್, ಫಿಲಿಪ್ಪೀನ್ಸ್‌ನವನು, ಮಾತು ಕಮ್ಮಿ.

ಹೊಸ ಗ್ಲೌಸ್, ಬೂಟಿಗೆ ಹೊಸ ಕವರ್. ಟ್ಯಾಂಕಿನ ಗಾಳಿ ಪರೀಕ್ಷೆ, ಆಮ್ಲಜನಕ 20.9 ಶೇಕಡಾ ತೋರಿಸಿದ ಮೇಲೆ ಪರ್ಮಿಟ್‌ಗೆ ಸಹಿ. ಆಮೇಲೆ ಏಣಿ. ನಾಲ್ಕೈದು ಮಾಳಿಗೆಯ ಆಳ, ಒಳಗೆ ಕಮ್ಮಾರನ ಕುಲುಮೆಯ ಸೆಖೆ. ಕೆಳಗೆ ಮುಟ್ಟುವಷ್ಟರಲ್ಲಿ ಬಾಯ್ಲರ್ ಸೂಟ್ ಮೈಗೆ ಅಂಟಿರುತ್ತದೆ. ಭುಜದೆತ್ತರದಲ್ಲಿ ಗೋಡೆಯ ಒಂದು ಜಾಗ ಆರಿಸಿ, ಒತ್ತುವ ಬಾಟಲಿಯಿಂದ ಶುದ್ಧ ಮೆಥನಾಲನ್ನು ಅಂಗೈ ಅಗಲದ ಪಟ್ಟಿಯಾಗಿ ಹರಿಯಬಿಡಬೇಕು. ಕೆಳಗೆ ಗೋಡೆಗೆ ಆಲಿಕೆ ಒತ್ತಿ ಹಿಡಿದು, ಇಳಿದು ಬಂದದ್ದನ್ನು ಗಾಜಿನ ಬಾಟಲಿಗೆ ತುಂಬಬೇಕು. ಗೋಡೆಯಲ್ಲಿ ಏನಿದೆಯೋ ಅದನ್ನು ಮೆಥನಾಲ್ ತೊಳೆದು ತರುತ್ತದೆ. ಒಂದು ಟ್ಯಾಂಕಿಗೆ ಇಂಥ ಐದಾರು ಜಾಗ. ಬೆವರಿನ ಹನಿ ಆಲಿಕೆಗೆ ಬೀಳಬಾರದು. ಅದಕ್ಕೇ ಪಂಪ್‌ಮ್ಯಾನ್ ಹಣೆಗೆ ದಪ್ಪ ಬಟ್ಟೆ ಕಟ್ಟಿಕೊಂಡು, ಮುಖವನ್ನು ಅತ್ತ ತಿರುಗಿಸಿ ಕೆಲಸ ಮಾಡುತ್ತಿದ್ದ. ನಾನು ನಕ್ಕೆ. ಅವನು ನಗಲಿಲ್ಲ.

ಮೇಲೆ ಬಂದು ಉದ್ದನೆಯ ಗಾಜಿನ ಕೊಳವೆಗೆ 100 ಎಂಎಲ್ ಸ್ಯಾಂಪಲ್ ಹಾಕಿ, ಕೆಲವು ಹನಿ ನೈಟ್ರಿಕ್ ಆಸಿಡ್, ಕೆಲವು ಹನಿ ಸಿಲ್ವರ್ ನೈಟ್ರೇಟ್. ಕತ್ತಲಲ್ಲಿ ಹತ್ತು ನಿಮಿಷ. ಆಮೇಲೆ ಕಪ್ಪು ಕಾಗದದ ಮುಂದೆ ಹಿಡಿದು ನೋಡಬೇಕು. ಉಪ್ಪಿದ್ದರೆ ಬೆಳ್ಳಗೆ ಮಂಕಾಗುತ್ತದೆ, ಒಂದು ಲೋಟ ನೀರಿಗೆ ಗಂಜಿ ತಿಳಿಯ ಒಂದು ಹನಿ ಬಿದ್ದಂತೆ. ಅಷ್ಟೇ. ಪಕ್ಕದಲ್ಲಿ ಅಳತೆ ಗೊತ್ತಿರುವ ಇನ್ನೊಂದು ಕೊಳವೆ ಇಟ್ಟು ಹೋಲಿಸುತ್ತಾರೆ. ಪೆಟ್ರೋಲಿನ ಅಂಶ ಉಳಿದಿದೆಯಾ ಅಂತ ನೋಡಲು ಇನ್ನೊಂದು ಸ್ಯಾಂಪಲ್ಲಿಗೆ ಬಟ್ಟಿ ಇಳಿಸಿದ ನೀರು ಬೆರೆಸಿ ಕಾಯುತ್ತಾರೆ, ಎಣ್ಣೆ ಇದ್ದರೆ ನೀಲಿಮಿಶ್ರಿತ ಮೋಡ ಕಟ್ಟುತ್ತದೆ. ಹತ್ತು ಟ್ಯಾಂಕೂ ನಮ್ಮ ಪರೀಕ್ಷೆಯಲ್ಲಿ ಪಾಸ್. ಚೀಫ್ ಆಫೀಸರ್ ಮೊದಲ ಸಲ ನಕ್ಕರು. ಒಣಗಿದೆಯೋ ಇಲ್ಲವೋ ಕೊನೆಯ ಸಲ ನೋಡಿ ಬಾ ಅಂತ ಸಂಜೆ ನನ್ನನ್ನು ಎರಡು ಮೂರು ಟ್ಯಾಂಕಿಗೆ ಇಳಿಸಿದರು. ಈ ಇಳಿದದ್ದೇ ಮುಂದೆ ಕುತ್ತಿಗೆಗೆ ಬಂತು.

ಮಾರನೆ ಬೆಳಿಗ್ಗೆ ಲಾಂಚ್‌ನಲ್ಲಿ ಸರ್ವೇಯರ್ ಬಂದರು. ಐವತ್ತು ದಾಟಿದ ಮನುಷ್ಯ. ನಮ್ಮ ಕಡೆಯವರ ಹಾಗೇ ಮುಖ, ಹೆಸರೂ ಉತ್ತರ ಭಾರತದ್ದೇ, ಆದರೆ ಬಾಯಿ ತೆರೆದರೆ ಹಾಡಿದಂತೆ ಏರಿಳಿಯುವ ಟ್ರಿನಿಡಾಡ್ ಇಂಗ್ಲಿಷ್. ನಾನು ಇಂಡಿಯಾದವನು ಅಂದಾಗ, "ನನ್ನ ಆಜಿ ಇದ್ದಿದ್ದರೆ ನಿನ್ನನ್ನು ಊಟಕ್ಕೆ ಕರೆಯುತ್ತಿದ್ದಳು" ಅಂದರು. ಆಜಿ ಅಂದರೆ ಅಪ್ಪನ ಅಮ್ಮ. ನಮ್ಮಲ್ಲಿ ಅಜ್ಜಿ ಅನ್ನುತ್ತೇವೆ ಅಂದೆ. ಇಬ್ಬರಿಗೂ ಖುಷಿಯಾಯಿತು. ಇಷ್ಟು ಒಳ್ಳೆ ಮನುಷ್ಯ, ನಮ್ಮ ಟ್ಯಾಂಕ್ ಪಾಸ್ ಮಾಡಿಯೇ ಮಾಡುತ್ತಾರೆ ಅನ್ನಿಸಿತು. ಎಂಥ ಪೆದ್ದು ಲೆಕ್ಕ ಅಲ್ವಾ?

ಆರನೇ ಸ್ಟಾರ್‌ಬೋರ್ಡ್, ಅಂದರೆ ಬಲಗಡೆಯ, ಟ್ಯಾಂಕ್. ಏಣಿಯ ಕೆಳಗಿನ ತಿರುವಿನ ಹತ್ತಿರ ಅವರು ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರು. ಬೂದು ಗೋಡೆಯ ಮೇಲೆ, ನನ್ನ ಭುಜದ ಎತ್ತರದಲ್ಲಿ, ಒಂದು ಅಂಗೈ. ಐದು ಬೆರಳೂ ಸ್ಪಷ್ಟ. ಸ್ವಲ್ಪ ಗಾಢ ಬಣ್ಣ, ಮಳೆಗೆ ನೆನೆದ ಗಾರೆ ಗೋಡೆಯ ಹಾಗೆ. ಹಿಂದಿನ ಸಂಜೆ ಅಲ್ಲಿ ಕಾಲು ಜಾರಿ ಗೋಡೆ ಹಿಡಿದಿದ್ದೆ. ಬಲಗೈ ಗ್ಲೌಸ್ ಏಣಿಯ ಬೋಲ್ಟಿಗೆ ಸಿಕ್ಕಿ ಹರಿದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯ ಅಂತಲೂ ಹೊಳೆದಿರಲಿಲ್ಲ.

ಸರ್ವೇಯರ್ ಏನೂ ಅನ್ನಲಿಲ್ಲ. ಆ ಕೈಯಚ್ಚಿನ ಮೇಲಿಂದಲೇ ಮೆಥನಾಲ್ ಹರಿಸಿ ಸ್ಯಾಂಪಲ್ ತೆಗೆದರು.

ಗೋಡೆ ತೊಳೆದ ಈ ಸ್ಯಾಂಪಲ್ಲಿಗೆ ನಮಗಿದ್ದ ಮಿತಿ ಹತ್ತು ಲಕ್ಷಕ್ಕೆ ಒಂದು ಪಾಲು. ಒಂದೇ ಹನಿ ಬೆವರು ಬಿದ್ದರೂ 100 ಎಂಎಲ್ ಸ್ಯಾಂಪಲ್ ಹತ್ತಿರ ಹತ್ತಿರ ಅಷ್ಟಕ್ಕೆ ಹೋಗುತ್ತದೆ. ಇದು ಇಡೀ ಅಂಗೈ. ಕೊಳವೆಯಲ್ಲಿ ಹಾಲಿನ ಮಂಕು ಎದ್ದಾಗ ಕಪ್ಪು ಕಾಗದವೇ ಬೇಕಾಗಲಿಲ್ಲ, ಬರಿಗಣ್ಣಿಗೆ ಕಾಣಿಸಿತು. ಸಾಲದ್ದಕ್ಕೆ ಮೂರನೇ ಪೋರ್ಟ್, ಅಂದರೆ ಎಡಗಡೆಯ, ಟ್ಯಾಂಕೂ ಫೇಲ್. ಅಲ್ಲಿ ಕಾರಣ ಬೇರೆ: ತೊಳೆಯುವ ಪೈಪಿನ, ತುದಿ ಮುಚ್ಚಿದ ಒಂದು ಕುರುಡು ತುಂಡಿನಲ್ಲಿ ನಿಂತಿದ್ದ ಉಪ್ಪುನೀರು ರಾತ್ರಿ ಹಡಗು ಅಲುಗಿದಾಗ ತೊಟ್ಟಿಕ್ಕಿ ಗೋಡೆಗುಂಟ ಇಳಿದಿತ್ತು. ನೋಟಿಸ್ ತಿರಸ್ಕೃತ. ಕ್ಯಾಪ್ಟನ್ ಫೋನ್ ಹಿಡಿದು ಕ್ಯಾಬಿನ್ ಒಳಗೆ ಹೋದವರು ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮೂರು ಸಾಣಿಕಟ್ಟಾ ಹತ್ತಿರ. ಗೋಕರ್ಣಕ್ಕೆ ಹೋಗುವಾಗ ಉಪ್ಪಿನ ಗದ್ದೆ, ಬಿಳಿ ರಾಶಿ ನೋಡಿರುತ್ತೀರಿ. ಅದೇ ಜಾಗ. ನಮ್ಮ ಅಪ್ಪ ಬೇಸಿಗೆಯಿಡೀ ಅಲ್ಲಿ ಉಪ್ಪು ಎಳೆದವರು. ಅವರ ಅಂಗಿ ಒಣಗಿದರೆ ಬೆನ್ನ ಮೇಲೆ ಬಿಳಿ ನಕ್ಷೆ ಮೂಡುತ್ತಿತ್ತು. ನಮ್ಮಲ್ಲಿ ಬೆಳೆಯುವ ಕಗ್ಗ ಭತ್ತಕ್ಕೂ ಉಪ್ಪುನೀರು ಆಗುತ್ತದೆ. ಉಪ್ಪು ಅಂದರೆ ನಮಗೆ ಬುಟ್ಟಿ, ಮೂಟೆ, ಲಾರಿ. ಕಣ್ಣಿಗೆ ಕಾಣದ ಉಪ್ಪಿಗೆ 30,000 ಟನ್ನಿನ ಸರಕು ನಿಂತುಹೋಗುತ್ತದೆ ಅಂತ ಅಪ್ಪನಿಗೆ ಹೇಳಿದರೆ ನಂಬಲಿಕ್ಕಿಲ್ಲ ಅಂದುಕೊಂಡೆ. ಆ ದಿನ ಮನೆಗೆ ಫೋನ್ ಮಾಡಲೂ ಇಲ್ಲ. ಅಲ್ಲಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಅದೇ ನೆಪ ಆಯಿತು.

ಎರಡು ಟ್ಯಾಂಕ್ ಮತ್ತೆ ತೊಳೆಯಬೇಕು. ಸುಲಭ ಅನ್ನಿಸುತ್ತೆ. ಕಷ್ಟ ಇದ್ದದ್ದು ನೀರಿಗೆ. ಹಡಗಿನಲ್ಲಿ ಸಮುದ್ರದ ನೀರನ್ನು ಬಟ್ಟಿ ಇಳಿಸುವ ಯಂತ್ರವೇನೋ ಇದೆ. ಆದರೆ ದಡದ ಹತ್ತಿರ, ನದಿಯ ಕೆಸರು, ಕಾರ್ಖಾನೆಯ ನೀರು ಸೇರುವ ಕಡೆ ಅದನ್ನು ಓಡಿಸುವ ಹಾಗಿಲ್ಲ, ಅದೇ ನೀರನ್ನು ಕುಡಿಯುವುದಕ್ಕೂ ಬಳಸುತ್ತೇವಲ್ಲ. ದಡದಿಂದ ನೀರಿನ ಬಾರ್ಜ್ ತರಿಸೋಣ ಅಂದೆ. ಚೀಫ್ ಆಫೀಸರ್ ನನ್ನನ್ನು ದಿಟ್ಟಿಸಿ ನೋಡಿದರು. ನಲ್ಲಿ ನೀರಿನಲ್ಲಿ ಕ್ಲೋರೈಡ್ ಇರುತ್ತದೆ, ಅದರಲ್ಲಿ ತೊಳೆದರೆ ಮತ್ತೆ ಫೇಲ್. ಉಳಿದಿದ್ದದ್ದು ಬರುವ ದಾರಿಯಲ್ಲಿ ಕೂಡಿಟ್ಟ ನೀರು, 60 ಟನ್ನಿನ ಹತ್ತಿರ. ಅಡುಗೆ, ಬಾಯ್ಲರ್, ಕಕ್ಕಸು ಎಲ್ಲಕ್ಕೂ ಅದೇ. ಕ್ಯಾಪ್ಟನ್ ನೋಟಿಸ್ ಹಚ್ಚಿದರು: ಎರಡು ದಿನ ಸ್ನಾನ ಇಲ್ಲ, ಬಟ್ಟೆ ಒಗೆಯುವ ಹಾಗಿಲ್ಲ. ಕಾರಣ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಇಪ್ಪತ್ತೆರಡು ಜನಕ್ಕೂ ಗೊತ್ತಿತ್ತು ಅದು ಯಾರ ಕೈ ಅಂತ. ಮೆಸ್ಸಿನಲ್ಲಿ ಡೆಕ್ ಕೆಲಸಗಾರರ ಮುಖ್ಯಸ್ಥ ಬೋಸನ್ ಎದ್ದು ನಿಂತು ನನಗೆ ಹೈ ಫೈವ್ ಕೊಡಲು ಬಂದ. ಬೈದಿದ್ದರೆ ವಾಸಿ ಇತ್ತು.

ಪೈಪಿನ ಕುರುಡು ತುಂಡು ಬಿಚ್ಚಿ ಬರಿದು ಮಾಡಿದೆವು. ಎರಡೂ ಟ್ಯಾಂಕಿಗೆ ಸಿಹಿನೀರು ಅಳತೆ ಮಾಡಿ ಹೊಡೆದೆವು, ಹಬೆ ಬಿಟ್ಟೆವು, ರಾತ್ರಿಯಿಡೀ ಗಾಳಿ ಊದಿದೆವು. ಕೈಯಚ್ಚು ಇದ್ದ ಜಾಗವನ್ನು ಪಂಪ್‌ಮ್ಯಾನ್ ಮೆಥನಾಲ್ ಹಾಕಿ ಹಾಕಿ ಒರೆಸಿದ, ಮಗುವಿನ ಮೂಗು ಒರೆಸುವಷ್ಟು ಮೃದುವಾಗಿ. ನಾನು ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದೆ. ಅವನು ಈಗಲೂ ನಗಲಿಲ್ಲ, ಒಳ್ಳೆಯವನು. ಮರುದಿನ ಸಂಜೆ ಸರ್ವೇಯರ್ ಮತ್ತೆ ಬಂದರು. ಕೊಳವೆ ಕಪ್ಪು ಕಾಗದದ ಮುಂದೆ ಹತ್ತು ನಿಮಿಷವಾದರೂ ತಿಳಿಯಾಗಿಯೇ ನಿಂತಿತು. "ಆಜಿ ಕಾಪಾಡಿದಳು" ಅಂತ ಕಣ್ಣು ಮಿಟುಕಿಸಿ ಸಹಿ ಹಾಕಿದರು.

ಬರ್ತಿಗೆ ಹೋದದ್ದು ಬೆಳಗಿನ ಜಾವ. ಬಂದರಿನೊಳಗೆ ದಾರಿ ತೋರಿಸುವ ಪೈಲಟ್ ಹತ್ತಿದರು, ಹಡಗು ಎಳೆಯುವ ಎರಡು ಟಗ್ ಬಂದವು. ಆಚೆ ಕಡೆ ಒಂದು ಅಮೋನಿಯಾ ಹಡಗು ಲೋಡ್ ಆಗುತ್ತಿತ್ತು. ಅಮೋನಿಯಾವನ್ನು ಮೈನಸ್ 33 ಡಿಗ್ರಿಗೆ ತಣ್ಣಗೆ ಮಾಡಿ ದ್ರವವಾಗಿ ತುಂಬುತ್ತಾರೆ, ಹಾಗಾಗಿ ಆ ಸೆಖೆಯಲ್ಲೂ ಅವರ ಪೈಪಿನ ಮೇಲೆ ಬಿಳಿ ಹಿಮ ಕಟ್ಟಿತ್ತು. ನೋಡಿದರೆ ಅದೂ ಉಪ್ಪಿನ ಥರವೇ ಕಂಡಿತು. ಆ ವಾರ ನನಗೆ ಎಲ್ಲ ಬಿಳಿಯೂ ಉಪ್ಪೇ.

ಹಗ್ಗ ಕಟ್ಟಿ ಗ್ಯಾಂಗ್‌ವೇ ಇಳಿಸಿದ ಮೇಲೆ ಜೆಟ್ಟಿಯವರು ಬಂದರು. ಅರ್ಧ ದಿನ ಬರೀ ಮಾತು ಮತ್ತು ಕಾಗದ. ಎಷ್ಟು ವೇಗದಲ್ಲಿ ಶುರು ಮಾಡುವುದು, ಗರಿಷ್ಠ ಎಷ್ಟು, ಕಡೆಗೆ ಎಷ್ಟಕ್ಕೆ ಇಳಿಸುವುದು, ಯಾವ ರೇಡಿಯೋ, 'ನಿಲ್ಲಿಸಿ' ಅಂದ ಮೇಲೆ ದಡದ ವಾಲ್ವ್ ಮುಚ್ಚಲು ಎಷ್ಟು ಸೆಕೆಂಡು. ಮೊಬೈಲ್ ಫೋನ್ ಡೆಕ್ ಮೇಲೆ ನಿಷೇಧ. ಮೆಥನಾಲ್ 11-12 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಅಲ್ಲಿನ ಹವೆ ಮೂವತ್ತರ ಮೇಲೆ. ಇನ್ನೂ ಹೆದರಿಕೆಯ ವಿಷಯ, ಹಗಲಲ್ಲಿ ಅದರ ಬೆಂಕಿ ಕಾಣುವುದೇ ಇಲ್ಲ ಅನ್ನಬಹುದು. ಹೊಗೆ ಇಲ್ಲ, ಕೆಂಪು ಇಲ್ಲ, ಮಸುಕಾದ ನೀಲಿ ಅಷ್ಟೇ. ಮಾಮೂಲಿ ನೊರೆ ಹಾಕಿದರೆ ಆಲ್ಕೋಹಾಲ್ ಅದನ್ನು ಕರಗಿಸಿಬಿಡುತ್ತದೆ, ಅದಕ್ಕೆ ಬೇರೆಯೇ ನೊರೆ ಬೇಕು. ಕುಡಿದರೆ ಕಣ್ಣು ಹೋಗುತ್ತದೆ ಅನ್ನುವುದನ್ನು ನಮ್ಮ ಕಳ್ಳಬಟ್ಟಿ ದುರಂತಗಳ ಸುದ್ದಿ ಓದಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಲೋಡಿಂಗ್ ಆರ್ಮ್ ಬಗ್ಗಿ ನಮ್ಮ ಪೈಪುಗಳ ಬಾಯಿ, ಮ್ಯಾನಿಫೋಲ್ಡ್ ಹಿಡಿಯಿತು. ಪೈಪಿನಲ್ಲಿ ಮೊದಲು ಸಣ್ಣಗೆ ಸದ್ದು, ಆಮೇಲೆ ಪೈಪು ತಣ್ಣಗಾದದ್ದು ಕೈಗೆ ಗೊತ್ತಾಯಿತು. ಎಲ್ಲ ಟ್ಯಾಂಕಿಗೂ ಒಂದೊಂದು ಅಡಿ ತುಂಬಿಸಿ ನಿಲ್ಲಿಸಿಬಿಟ್ಟರು. ಇದಕ್ಕೆ ಫಸ್ಟ್ ಫುಟ್ ಅನ್ನುತ್ತಾರೆ. ಆ ಒಂದು ಅಡಿಯ ಸ್ಯಾಂಪಲ್ ದಡದ ಲ್ಯಾಬಿಗೆ ಹೋಗಿ, ಸರಿಯಿದೆ ಅಂತ ಬಂದ ಮೇಲೆಯೇ ಉಳಿದದ್ದು. ಹೆಸರುಬೇಳೆ ಪಾಯಸಕ್ಕೆ ಹಾಲು ಪೂರ್ತಿ ಸುರಿಯುವ ಮುಂಚೆ ಒಂದು ಸೌಟು ಹಾಕಿ, ಒಡೆಯುತ್ತದಾ ಅಂತ ನೋಡುವ ಹಾಗೆ. ಐದಾರು ಗಂಟೆ ಬಿಡುವು. ಸೆಕೆಂಡ್ ಆಫೀಸರ್ ನನ್ನ ಮುಖ ನೋಡಿ, "ನಾಲ್ಕು ಗಂಟೆ ನಾನು ನಿಲ್ಲುತ್ತೇನೆ, ಎಲ್ಲಾದರೂ ಹೋಗಿ ಬಾ" ಅಂದರು.

ಗೇಟಿನಲ್ಲಿ ಪಾಸ್ ತೋರಿಸಿ ಹೊರಗೆ ಬಂದರೆ ಟ್ಯಾಕ್ಸಿ. ಡ್ರೈವರ್ ಮೊದಲು ಕರೆದುಕೊಂಡು ಹೋದದ್ದು ರಸ್ತೆ ಬದಿಯ ಡಬಲ್ಸ್ ಗಾಡಿಗೆ. ಎರಡು ಮೆತ್ತಗಿನ ಬಡಾ, ನಡುವೆ ಕಡಲೆ ಗಸಿ, ಹುಣಸೆ, ಮೇಲೆ ಮೆಣಸಿನ ಸಾಸ್. 'ಸ್ಲೈಟ್' ಅಂದರೆ ಕಮ್ಮಿ ಖಾರ. ನಾನು ಕರಾವಳಿಯವನು, ಜಾಸ್ತಿ ಹಾಕಿ ಅಂದೆ. ಕಣ್ಣಲ್ಲಿ ನೀರು ಬಂತು. ಅಲ್ಲಿಂದ ವಾಟರ್‌ಲೂ ಎಂಬ ಹಳ್ಳಿ, ದೂರವೇನಿಲ್ಲ. ದಾರಿಯುದ್ದಕ್ಕೂ ಮನೆಗಳ ಮುಂದೆ ಬಿದಿರಿನ ಗಳಕ್ಕೆ ಕಟ್ಟಿದ ಕೆಂಪು, ಹಳದಿ, ಬಿಳಿ ಬಾವುಟಗಳು. ಝಂಡಿ ಅನ್ನುತ್ತಾರೆ, ಪೂಜೆ ಮಾಡಿಸಿದ ಗುರುತು. 1845ರಿಂದ 1917ರವರೆಗೆ ಕಬ್ಬಿನ ತೋಟಕ್ಕೆ ಕೂಲಿ ಕರಾರಿನ ಮೇಲೆ ಇಂಡಿಯಾದಿಂದ ಹಡಗು ಹಡಗು ಜನ ಇಲ್ಲಿಗೆ ಬಂದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇವರು. ಸರಕಾರಿ ಸಕ್ಕರೆ ಕಂಪನಿ 2003ರಲ್ಲಿ ಮುಚ್ಚಿತು. ಗದ್ದೆಗಳಲ್ಲಿ ಕಾಡು ಹುಲ್ಲು ಬೆಳೆದಿತ್ತು.

ವಾಟರ್‌ಲೂದಲ್ಲಿ ನೋಡಬೇಕಾದದ್ದು ಸಮುದ್ರದೊಳಗಿನ ಗುಡಿ. ಶಿವದಾಸ್ ಸಾಧು ಎಂಬ ತೋಟದ ಕೂಲಿ 1947ರಲ್ಲಿ ದಡದಲ್ಲಿ ಒಂದು ಗುಡಿ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದ್ದು. 1952ರಲ್ಲಿ ಕೆಡವಿಸಿದರು, ಸಾಧುವನ್ನು 14 ದಿನ ಜೈಲಿಗೂ ಹಾಕಿದರು. ನೆಲ ನಿಮ್ಮದಾದರೆ ಸಮುದ್ರ ಯಾರದ್ದು ಅಂತ ಅವರು ನೀರಿನೊಳಗೇ ಕಟ್ಟಲು ಹೊರಟರು. ಇಳಿತದ ಹೊತ್ತು ನೋಡಿ, ಸೈಕಲ್ ಮೇಲೆ ಕಲ್ಲು, ಸಿಮೆಂಟು ಹೊತ್ತು ತಂದು ಡ್ರಮ್‌ಗಳಲ್ಲಿ ತುಂಬಿಸಿ ಅಡಿಪಾಯ ಹಾಕುತ್ತಾ ಹೋದರು. ವರ್ಷಗಟ್ಟಲೆ, ಒಬ್ಬರೇ. ಉಪ್ಪುನೀರು ಕಟ್ಟಿದ್ದನ್ನು ತಿನ್ನುತ್ತಲೇ ಇತ್ತು. ಈಗಿರುವ ಗುಡಿಯನ್ನು ಹೊಸದಾಗಿ ಕಟ್ಟಿ 1995ರಲ್ಲಿ ತೆರೆದರು, ಭಾರತೀಯರು ಬಂದು 150 ವರ್ಷ ಆದಾಗ. ಹೊರಗೆ ಸಾಧು ಅವರದ್ದೊಂದು ಪ್ರತಿಮೆ ಇದೆ. ಇಳಿತದ ಸಮಯ, ಸುತ್ತ ಕೆಸರು, ದೂರದಲ್ಲಿ ಕೆಂಪು ಐಬಿಸ್ ಹಕ್ಕಿಗಳು ಏಡಿ ಹೆಕ್ಕುತ್ತಿದ್ದವು. ಕೈಕಟ್ಟೆಯ ಮೇಲೆ ಕೈ ಊರಿ ನಿಂತೆ. ತೆಗೆದು ನೋಡಿದರೆ ಅಂಗೈಯಲ್ಲಿ ಹರಳು ಹರಳಾಗಿ ಬಿಳಿ ಪುಡಿ. ಅಭ್ಯಾಸಬಲದಿಂದ ಪ್ಯಾಂಟಿಗೆ ಒರೆಸಿಕೊಂಡೆ.

ಹಡಗಿಗೆ ಮರಳುವಷ್ಟರಲ್ಲಿ ಲ್ಯಾಬಿನಿಂದ ಒಪ್ಪಿಗೆ ಬಂದಿತ್ತು. ಆಮೇಲೆ ಒಂದೂವರೆ ದಿನ ಲೋಡಿಂಗ್, ಗಂಟೆಗೆ ಸಾವಿರ ಘನ ಮೀಟರಿನ ಆಸುಪಾಸು. ಸರಕು ಒಳಗೆ ಬಂದಂತೆ ನಾವು ಬ್ಯಾಲಸ್ಟ್ ನೀರು, ಅಂದರೆ ಖಾಲಿ ಹಡಗಿಗೆ ಭಾರಕ್ಕೆಂದು ತುಂಬಿಕೊಂಡ ನೀರು, ಹೊರಗೆ ಹಾಕುತ್ತಾ ಹೋಗುತ್ತೇವೆ. ಹಡಗು ವಾಲಬಾರದು, ಬಗ್ಗಬಾರದು. ಈ ಭಾಗದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಗಂಟೆಗೊಮ್ಮೆ ಅಂಕಿ ಬರೆಯುವುದು, ಹಗ್ಗ ಬಿಗಿ ಮಾಡುವುದು, ಕಾಫಿ.

ಕೈ ನಡುಗುವುದು ಕೊನೆಗೆ. ಟ್ಯಾಂಕ್ ತುಂಬುತ್ತಾ ಬಂದಾಗ 95 ಶೇಕಡಾಕ್ಕೆ ಒಂದು ಅಲಾರಂ, 98ಕ್ಕೆ ಇನ್ನೊಂದು. ಎರಡನೆಯದು ಹೊಡೆಯಿತು ಅಂದರೆ ಮರ್ಯಾದೆ ಹೋಯಿತು ಅಂತಲೇ. ಮೂರನೇ ಪೋರ್ಟ್‌ಗೆ ನನ್ನನ್ನು ನಿಲ್ಲಿಸಿದರು. ರಾತ್ರಿ ಎರಡು ಗಂಟೆ. ಆವಿ ಹೊರಬರದ ಹಾಗೆ ಮುಚ್ಚಿದ ಕೊಳವೆಯಲ್ಲಿ ಟೇಪು ಇಳಿಸಿ, ಮೇಲಿನಿಂದ ಎಷ್ಟು ಖಾಲಿ ಇದೆ ಅಂತ ಓದಿ ರೇಡಿಯೋದಲ್ಲಿ ಕೂಗುವುದು ನನ್ನ ಕೆಲಸ. ಎರಡು ಮೀಟರ್. ಒಂದೂ ಎಂಬತ್ತು. ಒಂದೂ ಅರವತ್ತು. ಪಂಪ್‌ಮ್ಯಾನ್ ವಾಲ್ವ್ ಮೇಲೆ ಕೈ ಇಟ್ಟು ನನ್ನ ಬಾಯಿ ನೋಡುತ್ತಿದ್ದ. ಒಂದೂ ಐವತ್ತು ಅಂದಾಗ ಚೀಫ್ ಆಫೀಸರ್ "ಮುಚ್ಚು" ಅಂದರು. ವಾಲ್ವ್ ಮುಚ್ಚಿದ ಮೇಲೂ ಎರಡು ಸೆಂಟಿಮೀಟರ್ ಏರಿತು. ನನ್ನ ಉಸಿರು ಆಮೇಲೆ ಬಂತು.

ಅಳತೆಗೆ ಸರ್ವೇಯರ್ ಬಂದರು. ಪ್ರತಿ ಟ್ಯಾಂಕಿನ ಮಟ್ಟ, ಮೂರು ಆಳದಲ್ಲಿ ಉಷ್ಣಾಂಶ. ಮೆಥನಾಲ್ ಒಂದು ಡಿಗ್ರಿಗೆ ಸಾವಿರದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಹಿಗ್ಗುತ್ತದೆ. ಒಂದು ಡಿಗ್ರಿ ತಪ್ಪು ಓದಿದರೆ 30,000 ಟನ್ನಿನಲ್ಲಿ ಮೂವತ್ತು ಟನ್ನಿಗೂ ಹೆಚ್ಚು ಕಾಗದದ ಮೇಲೆ ಮಾಯ. ದಡದ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಸಣ್ಣ ವ್ಯತ್ಯಾಸ ಬಂತು, ಅದು ಯಾವಾಗಲೂ ಬರುತ್ತದೆ, ಎರಡೂ ಕಡೆಯವರು ಪ್ರತಿಭಟನೆಯ ಪತ್ರ ಕೊಟ್ಟು ಕೈಕುಲುಕಿದರು. ಲ್ಯಾಬಿನ ವರದಿಯಲ್ಲಿ ನಾನು ಮೊದಲು ಹುಡುಕಿದ್ದು ಕ್ಲೋರೈಡ್ ಸಾಲು. ಮಿತಿಯ ಒಳಗೆ.

ಕಡೆಯ ಕೆಲಸ ಡ್ರಾಫ್ಟ್, ಅಂದರೆ ಹಡಗು ಎಷ್ಟು ಆಳ ಮುಳುಗಿದೆ ಅಂತ ಓದುವುದು. ಬಕೆಟ್ ಇಳಿಸಿ ಕೊಲ್ಲಿಯ ನೀರು ಎತ್ತಿ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೇಲಿಬಿಟ್ಟೆ. ತೆರೆದ ಸಮುದ್ರದ 1.025 ಅದು ಮುಟ್ಟಲಿಲ್ಲ. ಒರಿನೋಕೊ ನೀರು ಬೆರೆತು ಸಪ್ಪೆಯಾಗಿತ್ತು, ಹಾಗಾಗಿ ಹಡಗು ಕೆಲವು ಸೆಂಟಿಮೀಟರ್ ಹೆಚ್ಚಿಗೆ ಮುಳುಗಿತ್ತು. ಹೊರಗಿನ ಸಮುದ್ರಕ್ಕೆ ಹೋದರೆ ಉಪ್ಪೇ ಅದನ್ನು ಮೇಲಕ್ಕೆತ್ತುತ್ತದೆ. ಬೋಸನ್ ಪಕ್ಕದಲ್ಲಿ ನಿಂತು ನೋಡುತ್ತಿದ್ದ. "ಥರ್ಡ್, ಉಪ್ಪು ಕಮ್ಮಿ ಇದೆ ನೋಡು, ಕೈ ಅದ್ದಿಬಿಡು" ಅಂದ.

ಬಕೆಟ್ ನೀರು ಅವನ ಬೂಟಿನ ಮೇಲೆ ಚೆಲ್ಲಿದೆ. ಟಗ್ ಬಂದು ಹಗ್ಗ ಕೇಳುತ್ತಿತ್ತು.